ಗಡಿಯಾರಕ್ಕಿಂತ ಅರ್ಧ ತಾಸು ಹಿಂದಿರುವ ಊರು

ಧಾರವಾಡದ ನಮ್ಮ ಓಣಿಗೆ ನಳ ಬರುವುದು ವಾರಕ್ಕೊಮ್ಮೆ. ಅದೂ ಹೊತ್ತಲ್ಲದ ಹೊತ್ತಿನಲ್ಲಿ. ಸಂಕ್ರಾಂತಿಗೆ ಎರಡು ದಿನ ಮುಂಚೆ ರಾತ್ರಿ ಒಂದೂವರೆಗೆ ಬಂತು. ಟಾಕಿ, ಹಂಡೆ, ಕೊಡ ಎಲ್ಲ ತುಂಬಿಸಿ ಹಾಸಿಗೆಗೆ ಬಿದ್ದಾಗ ಮೂರೂವರೆ. ಆರೂವರೆಗೆ ಅಲಾರಂ ಹೊಡೆಯಿತು. ಎದ್ದೆ. ಹಲ್ಲುಜ್ಜುವ ಬ್ರಶ್‌ಗೆ ಶೇವಿಂಗ್ ಕ್ರೀಮ್ ಹಚ್ಚಿದ್ದು ಬಾಯಿಗೆ ಇಟ್ಟ ಮೇಲೇ ಗೊತ್ತಾಯಿತು.

ಪಕ್ಕದ ಮನೆಯ ಕಾಕಾ ಕಾಂಪೌಂಡಿನ ಆಚೆಯಿಂದ ನನ್ನ ಮುಖ ನೋಡಿ, "ನಾಕಕ್ಕ ಏಳೂದು ರೂಢಿ ಮಾಡ್ಕೊ ತಮ್ಮಾ. ಬ್ರಾಹ್ಮೀ ಮುಹೂರ್ತದಾಗ ಎದ್ರ ದಣಿವು ಅನ್ನೂದ ಇರೂದಿಲ್ಲ" ಅಂದರು. ವಾಟ್ಸಾಪ್‌ನಲ್ಲೂ ದಿನಾ ಇದೇ ಉಪದೇಶ. ನನ್ನ ಸಿಟ್ಟು ಮುಹೂರ್ತದ ಮೇಲಲ್ಲ, ಲೆಕ್ಕದ ಮೇಲೆ.

ಬ್ರಾಹ್ಮೀ ಮುಹೂರ್ತ ಅಂದರೆ ಗಡಿಯಾರದ ನಾಲ್ಕು ಗಂಟೆಯಲ್ಲ. ಸೂರ್ಯ ಹುಟ್ಟುವುದಕ್ಕೆ 96 ನಿಮಿಷ ಮೊದಲು ಶುರುವಾಗಿ 48 ನಿಮಿಷ ಇರುವ ಹೊತ್ತು ಅದು. ಜನವರಿಯಲ್ಲಿ ಧಾರವಾಡಕ್ಕೆ ಸೂರ್ಯ ಬರುವುದೇ ಏಳರ ಸುಮಾರಿಗೆ. ಅಂದರೆ ಮುಹೂರ್ತ ಶುರುವಾಗುವಾಗ ಐದು ಗಂಟೆ ದಾಟಿ ಇಪ್ಪತ್ತು ನಿಮಿಷವಾಗಿರುತ್ತದೆ. ನಾಲ್ಕಕ್ಕೆ ಎದ್ದವರಿಗೆ ಮುಹೂರ್ತವೂ ಸಿಗಲಿಲ್ಲ, ನಿದ್ದೆಯೂ ಹೋಯಿತು.

ಸೂರ್ಯ ಇಷ್ಟು ತಡ ಮಾಡುವುದಕ್ಕೆ ಚಳಿಗಾಲ ಒಂದೇ ಕಾರಣವಲ್ಲ. ಭಾರತದ ಗಡಿಯಾರ ನಡೆಯುವುದು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾಯುವ 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ಧಾರವಾಡ ಇರುವುದು 75 ಡಿಗ್ರಿಯಲ್ಲಿ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಏಳೂವರೆ ಡಿಗ್ರಿಗೆ ಸರಿಯಾಗಿ ಅರ್ಧ ತಾಸು. ಗದಗಿನವರಿಗೆ ಎರಡು-ಮೂರು ನಿಮಿಷ ಕಮ್ಮಿ, ಅಷ್ಟೇ. ನಮ್ಮ ಭಾಗ ಮುಂಬಯಿ ಪ್ರಾಂತದಲ್ಲಿದ್ದ ಕಾಲದಲ್ಲಿ, 1906ರಲ್ಲಿ, ಈ ಏಕ ಸಮಯ ಬಂತು. ಮುಂಬಯಿ ಶಹರದವರು ಮಾತ್ರ ಜಗ್ಗಲಿಲ್ಲ. 39 ನಿಮಿಷ ಹಿಂದಿದ್ದ ತಮ್ಮದೇ ಸಮಯವನ್ನು 1955ರವರೆಗೂ ಇಟ್ಟುಕೊಂಡಿದ್ದರು. ಹಟ ಅಂದರೆ ಹಟ.

ಇರಲಿ, ಬ್ರಶ್ಶಿನ ವಿಷಯಕ್ಕೆ ಬರೋಣ. ಕಣ್ಣು ಬಿಟ್ಟ ಕೂಡಲೇ ಮಿದುಳೆಲ್ಲ ಒಟ್ಟಿಗೆ ಏಳುವುದಿಲ್ಲ. ಬುಡದ, ಒಳಗಿನ ಭಾಗಗಳು ಮೊದಲು ಏಳುತ್ತವೆ. ಯೋಚಿಸಿ ತೀರ್ಮಾನ ಮಾಡುವ, ಹಣೆಯ ಹಿಂದಿನ ಭಾಗ ಎಲ್ಲರಿಗಿಂತ ಕೊನೆಗೆ. ಈ ಮಂಪರು ಸಾಮಾನ್ಯವಾಗಿ 15ರಿಂದ 30 ನಿಮಿಷ. ನಿದ್ದೆಗೆಟ್ಟಿದ್ದರೆ, ಇಲ್ಲವೇ ಗಾಢ ನಿದ್ದೆಯಲ್ಲಿ ಎಬ್ಬಿಸಿದ್ದರೆ, ಒಂದು ತಾಸು ಹಿಡಿದರೂ ಹಿಡಿಯಿತು. ಇದು ಸೋಮಾರಿತನ ಅಲ್ಲ. ಆ ಅರ್ಧ ತಾಸಿನಲ್ಲಿ ಸ್ಕೂಟರ್ ತೆಗೆಯಬೇಡಿ, ಆಫೀಸಿನ ಮೆಸೇಜಿಗೆ ಉತ್ತರ ಬರೆಯಬೇಡಿ. ಸುಮ್ನೆ ಹೊರಗೆ ಬಂದು ಕಟ್ಟೆ ಮೇಲೆ ಕೂತುಬಿಡಿ.

ಹೊರಗೇ ಯಾಕೆ? ನನಗೆ ಇಷ್ಟವಾದ ಭಾಗ ಇದೇ, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ. 1729ರಲ್ಲಿ ಫ್ರಾನ್ಸಿನ ದ ಮೆರಾನ್ ಎಂಬ ಖಗೋಳ ವಿಜ್ಞಾನಿ ಒಂದು ಮುಟ್ಟಿದರೆ ಮುನಿ ಗಿಡವನ್ನು ಕತ್ತಲೆಯಲ್ಲಿ ಇಟ್ಟ. ಬಿಸಿಲು ಕಾಣದಿದ್ದರೂ ಎಲೆಗಳು ಹಗಲಿಗೆ ಬಿಚ್ಚಿದವು, ರಾತ್ರಿಗೆ ಮುಚ್ಚಿದವು. ಗಿಡದೊಳಗೇ ಗಡಿಯಾರ! ನಮ್ಮೊಳಗೂ ಇದೆ. ಕಣ್ಣಿನ ನರಗಳು ಮಿದುಳಿನಲ್ಲಿ ಅಡ್ಡ ಹಾಯುವ ಕಡೆ, ಅದರ ಮೇಲೆ, ಜೋಳದ ಕಾಳಿಗಿಂತ ಚಿಕ್ಕ ಜಾಗದಲ್ಲಿ ಸುಮಾರು 20,000 ನರಕೋಶಗಳಿವೆ. ಅದೇ ನಮ್ಮ ಗಡಿಯಾರ. ಅದರ ದಿನ ಸರಾಸರಿ 24 ತಾಸು 11 ನಿಮಿಷ. ಅಜ್ಜನ ಕಾಲದ ಗೋಡೆ ಗಡಿಯಾರದ ಹಾಗೆ ದಿನಾ ಚೂರು ಹಿಂದೆ ಬೀಳುತ್ತದೆ. ಹಾಗೇ ಬಿಟ್ಟರೆ ಹತ್ತು ದಿನಕ್ಕೆ ಹತ್ತಿರ ಹತ್ತಿರ ಎರಡು ತಾಸು. ಬೆಳಗಿನ ಬೆಳಕು ಮುಳ್ಳನ್ನು ಮುಂದೆ ತಳ್ಳುವ ಬೆರಳು.

ಗಡಿಯಾರದ ಹೋಲಿಕೆ ಸಾಲದು. ಯಾಕೆಂದರೆ ಯಕೃತ್ತು (ಲಿವರ್), ಹೊಟ್ಟೆ, ಸ್ನಾಯು ಎಲ್ಲಕ್ಕೂ ಅದರದರ ಗಡಿಯಾರ ಇದೆ. ಮಲ್ಲಿಕಾರ್ಜುನ ಮನ್ಸೂರರ ಊರಿನವರಿಗೆ ತಂಬೂರಿ ಅಂದರೆ ಬೇಗ ತಿಳಿಯುತ್ತದೆ, ಅಲ್ವಾ? ನಿನ್ನೆ ಶ್ರುತಿ ಮಾಡಿಟ್ಟ ತಂತಿ ಇವತ್ತು ಇಳಿದಿರುತ್ತದೆ. ದಿನಾ ಕೂರುವ ಮುಂಚೆ ಬಿಗಿಯಬೇಕು. ಈ ಅಂಗಗಳ ತಂತಿ ಬಿಗಿಯುವ ಕೆಲಸ ಆ 20,000 ಕೋಶಗಳದ್ದು. ಅವಕ್ಕೆ ಬೆಳಗಾಯಿತು ಅಂತ ಸುದ್ದಿ ಮುಟ್ಟಿಸುವ ಪ್ರತ್ಯೇಕ ಕೋಶಗಳು ಕಣ್ಣಿನಲ್ಲಿವೆ. ಇವು ಬೆಳಕು ಹಿಡಿಯುತ್ತವೆ ಅಂತ ಗೊತ್ತಾಗಿದ್ದೇ 2002ರಲ್ಲಿ. ಆಕಾಶದ ನೀಲಿಗೆ ಜಾಸ್ತಿ ಸ್ಪಂದಿಸುತ್ತವೆ. ಟ್ಯೂಬ್‌ಲೈಟ್ ಹಚ್ಚಿದ ಪಡಸಾಲೆಯಲ್ಲಿ ಬೆಳಕು ನೂರು, ಇನ್ನೂರು ಲಕ್ಸ್ (ಬೆಳಕಿನ ಅಳತೆ). ಬಿಸಿಲು ಬಿದ್ದ ಕಟ್ಟೆಯ ಮೇಲೆ ಸಾವಿರಾರು. ಆಷಾಢದ ಮೋಡದಲ್ಲೂ ಹೊರಗಿನದೇ ಮೇಲು. ನಮಗೆ ಅಷ್ಟು ವ್ಯತ್ಯಾಸ ಕಾಣುವುದಿಲ್ಲ, ಕಣ್ಣು ಹೊಂದಿಸಿಕೊಂಡುಬಿಡುತ್ತದೆ. ಆಕಾಶದ ಕಡೆ ಮುಖ ಮಾಡಿ ಕೂತರೆ ಸಾಕು. ಸೂರ್ಯನನ್ನು ದಿಟ್ಟಿಸಿ ನೋಡುವುದು ಮಾತ್ರ ಬೇಡ.

ಕೈಯಲ್ಲಿ ಚಹಾ ಇರಲಿ. ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೋಸಿನ್ ಎಂಬ ವಸ್ತು ಸೇರುತ್ತದೆ, ತನ್ನ ಸೀಟಿನಲ್ಲಿ ಕೂತು ನಿದ್ದೆ ತರಿಸುತ್ತದೆ. ನಿದ್ದೆ ಸಾಲದಿದ್ದರೆ ಅದು ಪೂರ್ತಿ ಖಾಲಿಯಾಗಿರುವುದಿಲ್ಲ. ಚಹಾದ ಕೆಫೀನ್ ಮಾಡುವುದು ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿಯುವ ಕೆಲಸ. ಅಡೆನೋಸಿನ್ ಇಳಿದು ಹೋಗಿಲ್ಲ, ನಿಂತಿದೆ. ಟವೆಲ್ ತೆಗೆದ ಕೂಡಲೇ ದೊಪ್ಪನೆ ಕೂರುತ್ತದೆ. ಮಧ್ಯಾಹ್ನ ತೂಕಡಿಕೆ ಬಂದರೆ ಕಾರಣ ಹುಡುಕಬೇಡಿ, 20 ನಿಮಿಷ ಅಡ್ಡಾಗಿ. ಅರ್ಧ ಕೆಫೀನ್ ಕರಗಲು ಸುಮಾರು ಐದು ತಾಸು ಬೇಕು, ಹಾಗಾಗಿ ಸಂಜೆ ಚಹಾ ಬಿಡಿ. ಇನ್ನು ಲಿಂಬೆಹಣ್ಣಿನ ಬಿಸಿನೀರು ಮೈಯ ವಿಷ ತೊಳೆಯುತ್ತದೆ ಅನ್ನುವುದು ಸುಳ್ಳು. ಆ ಕೆಲಸ ಮೂತ್ರಪಿಂಡ, ಯಕೃತ್ತು ಮೊದಲೇ ಮಾಡಿರುತ್ತವೆ. ರುಚಿಗೆ ಕುಡಿಯಿರಿ.

ಅವತ್ತು ಬಿಸಿಲೇರುವವರೆಗೂ ಕಟ್ಟೆಯಲ್ಲಿ ಕೂತು ಕಾಕಾಗೆ ಇದನ್ನೆಲ್ಲ ಹೇಳಿದೆ. ಡಿಗ್ರಿ ಲೆಕ್ಕವನ್ನು ಬೆರಳು ಮಡಿಚಿ ಎರಡು ಸಲ ಕೇಳಿಕೊಂಡರು. ಕಪ್ಪಿನ ತಳದ ಚಹಾಪುಡಿಯನ್ನು ಗುಲಾಬಿ ಗಿಡದ ಬುಡಕ್ಕೆ ಚೆಲ್ಲಿ ಕೇಳಿದರು: "ಖರೇ ಅದ ಬಿಡು. ಆದ್ರ ನಮ್ಮ ಓಣಿಗೆ ನೀರು ಬಿಡಾಂವ ಯಾವ ಟೈಮ್ ಹಿಡ್ದಾನ? ಮಿರ್ಜಾಪುರದ್ದೋ, ಧಾರವಾಡದ್ದೋ?"