ಸ್ತನದ ಎಂಆರ್‌ಐ: ಮೊದಲು ಅಂಚು, ಆಮೇಲೆ ಗ್ರಾಫ್

ಸ್ತನದ ಎಂಆರ್‌ಐ ರಿಪೋರ್ಟಿನಲ್ಲಿ ‘ವಾಶ್‌ಔಟ್’ ಎಂದಿದ್ದರೆ ಕ್ಯಾನ್ಸರ್, ಇಲ್ಲದಿದ್ದರೆ ಸಾಮಾನ್ಯ ಗಂಟು ಎಂದು ತೀರ್ಮಾನಿಸುವವರು ವೈದ್ಯರಲ್ಲೂ ಇದ್ದಾರೆ. ರಕ್ತನಾಳಕ್ಕೆ ಕೊಡುವ ಕಾಂಟ್ರಾಸ್ಟ್ ಔಷಧದಿಂದ ಗಂಟಿನ ಹೊಳಪು ನಿಮಿಷ ನಿಮಿಷಕ್ಕೆ ಹೇಗೆ ಬದಲಾಗುತ್ತದೆ ಎಂಬುದರ ಗ್ರಾಫ್‌ನಲ್ಲಿ, ಏರಿದ ಹೊಳಪು ಬಳಿಕ ಇಳಿಯುವುದೇ ವಾಶ್‌ಔಟ್. ಈ ಗ್ರಾಫ್‌ಗೆ ಅಷ್ಟು ಅಧಿಕಾರ ಕೊಡುವಂತಿಲ್ಲ.

ಚಿತ್ರ ಸರಿಯಾಗಿ ಬಂದಿದೆಯೇ ಎಂಬುದು ಮೊದಲ ಪ್ರಶ್ನೆ. ಮುಟ್ಟಾಗುವ ಮಹಿಳೆಯರಲ್ಲಿ, ತುರ್ತಿಲ್ಲದಿದ್ದರೆ, ಋತುಚಕ್ರದ 7ರಿಂದ 14ನೇ ದಿನದೊಳಗೆ ಸ್ಕ್ಯಾನ್ ಮಾಡುವುದು ಒಳ್ಳೆಯದು. ಬೇರೆ ದಿನಗಳಲ್ಲಿ ಆರೋಗ್ಯವಂತ ಗ್ರಂಥಿಯೇ ಕಾಂಟ್ರಾಸ್ಟ್ ಹೀರಿ ಬೆಳಗುತ್ತದೆ, ಸಣ್ಣ ಗಂಟು ಅದರಲ್ಲಿ ಮುಚ್ಚಿಹೋಗುತ್ತದೆ. ಬೋರಲು ಮಲಗಿಸಿ, ದೇಹತೂಕದ ಪ್ರತಿ ಕಿಲೋಗೆ 0.1 ಮಿಲಿಮೋಲ್ ಗ್ಯಾಡೋಲಿನಿಯಂ ಕಾಂಟ್ರಾಸ್ಟ್ ಅನ್ನು ಸೆಕೆಂಡಿಗೆ ಸುಮಾರು 2 ಮಿ.ಲೀ. ವೇಗದಲ್ಲಿ ಕೊಟ್ಟು, ಹಿಂದೆಯೇ 20 ಮಿ.ಲೀ. ಸಲೈನ್ ಹರಿಸಬೇಕು. ಕಾಂಟ್ರಾಸ್ಟ್‌ಗೆ ಮುಂಚೆ ಒಂದು ಚಿತ್ರಸರಣಿ, ಆಮೇಲೆ ಒಂದೆರಡು ನಿಮಿಷಕ್ಕೊಮ್ಮೆ ಅದೇ ಸರಣಿ. ಹೃದಯ, ರಕ್ತನಾಳಗಳೇ ಬೆಳಗದಿದ್ದರೆ ಔಷಧ ಸೋರಿರಬಹುದು. ಆ ಗ್ರಾಫ್ ನಂಬಬೇಡಿ. ರೋಗಿ ಅಲುಗಿದರೆ ಕಳೆಯುವಿಕೆಯ ಚಿತ್ರದಲ್ಲಿ (ಕಾಂಟ್ರಾಸ್ಟ್ ನಂತರದ ಚಿತ್ರದಿಂದ ಮುಂಚಿನದನ್ನು ಕಳೆದು ಪಡೆದದ್ದು), ಕೊಬ್ಬು ಮತ್ತು ಗ್ರಂಥಿ ಸೇರುವ ಕಡೆ, ಇಲ್ಲದ ಬಿಳಿ ಅಂಚು ಹುಟ್ಟುತ್ತದೆ. ಅನುಮಾನ ಬಂದರೆ ಮೂಲ ಚಿತ್ರಗಳಿಗೆ ಮರಳಬೇಕು.

ಇನ್ನು ಆಕಾರ. ಮುಳ್ಳುಮುಳ್ಳಾದ ಅಥವಾ ಅಂಕುಡೊಂಕಿನ ಅಂಚು, ಬಳೆಯಂತೆ ಸುತ್ತ ಮಾತ್ರ ಬೆಳಗುವುದು: ಇವು ಕ್ಯಾನ್ಸರ್‌ನ ಕಡೆ ಬೊಟ್ಟು ಮಾಡುತ್ತವೆ. ಅಂಡಾಕಾರ, ನುಣುಪು ಅಂಚು, ಒಳಗೆ ಬೆಳಗದ ಕಪ್ಪು ಗೆರೆಗಳು ಇದ್ದರೆ ಫೈಬ್ರೋಅಡಿನೋಮಾ ಎಂಬ ಕ್ಯಾನ್ಸರ್ ಅಲ್ಲದ ಗಂಟಿನ ಸಾಧ್ಯತೆ ಹೆಚ್ಚು. ಆದರೆ ಉರಿಯೂತವಾದ ಸಿಸ್ಟ್ (ನೀರು ತುಂಬಿದ ಚೀಲ), ಕೊಳೆತ ಕೊಬ್ಬಿನ ಗಂಟು ಕೂಡ ಬಳೆಯಂತೆಯೇ ಬೆಳಗುತ್ತವೆ. ಕೊಬ್ಬಿನ ಹೊಳಪು ಅಡಗಿಸದ ಟಿ1 ಎಂಬ ಬಗೆಯ ಚಿತ್ರದಲ್ಲಿ ನಡುವೆ ಕೊಬ್ಬು, ಇಲ್ಲವೇ ನೀರನ್ನು ಬಿಳಿಯಾಗಿ ತೋರಿಸುವ ಟಿ2 ಚಿತ್ರದಲ್ಲಿ ನೀರು ಕಂಡರೆ ಗೊಂದಲ ಬಹುತೇಕ ಮುಗಿಯಿತು. ಟಿ2ನಲ್ಲಿ ಬಿಳಿಯಾಗಿರುವುದೆಲ್ಲ ನಿರಪಾಯಕಾರಿ ಎಂದುಕೊಂಡರೆ ಲೋಳೆ ತುಂಬಿದ ಮ್ಯೂಸಿನಸ್ ಕ್ಯಾನ್ಸರ್ ಕೈತಪ್ಪುತ್ತದೆ.

ಗ್ರಾಫ್ ಬರುವುದು ಇದಾದ ಮೇಲೆ. ಮೊದಲ 2 ನಿಮಿಷಗಳಲ್ಲಿ ಹೊಳಪು ಶೇ. 100ಕ್ಕಿಂತ ಹೆಚ್ಚು ಏರಿದರೆ ಅದು ವೇಗದ ಏರಿಕೆ. ಬಳಿಕ ಏರುತ್ತಲೇ ಹೋದರೆ ಸಮಾಧಾನ, ಶೇ. 10ಕ್ಕಿಂತ ಹೆಚ್ಚು ಇಳಿದರೆ ವಾಶ್‌ಔಟ್. ಅಳತೆಯ ವೃತ್ತವನ್ನು ಇಡೀ ಗಂಟಿನ ಮೇಲೆ ಎಳೆದರೆ ಸರಾಸರಿಯಲ್ಲಿ ವಾಶ್‌ಔಟ್ ಕರಗಿಹೋಗುತ್ತದೆ. ಅತಿ ಬೇಗ ಬೆಳಗಿದ ಜಾಗದಲ್ಲಿ ಮೂರು ಪಿಕ್ಸೆಲ್‌ಗಿಂತ ಕಡಿಮೆಯಿಲ್ಲದ ಪುಟ್ಟ ವೃತ್ತ ಸಾಕು. ಸ್ತನದೊಳಗಿನ ಆರೋಗ್ಯವಂತ ದುಗ್ಧರಸ ಗ್ರಂಥಿಯೂ (ಲಿಂಫ್ ನೋಡ್) ವಾಶ್‌ಔಟ್ ತೋರಿಸುತ್ತದೆ. ನಡುವಿನ ಕೊಬ್ಬಿನ ಗುರುತಿನಿಂದ ಅದನ್ನು ಬಿಡಿಸಿಕೊಳ್ಳಬೇಕು. ಇದಕ್ಕೆ ತದ್ವಿರುದ್ಧವಾಗಿ ಹಾಲಿನ ನಾಳದೊಳಗಿನ ಆರಂಭಿಕ ಕ್ಯಾನ್ಸರ್, ಹಾಲುಗ್ರಂಥಿಯ ಲೋಬ್ಯುಲರ್ ಕ್ಯಾನ್ಸರ್ ಎಷ್ಟೋ ಸಲ ನಿಧಾನವಾಗಿ ಏರಿ ಮೋಸಮಾಡುತ್ತವೆ. ಗಂಟಿನ ರೂಪವಿಲ್ಲದೆ ನಾಳಗಳ ಜಾಡಿನಲ್ಲಿ ಹರಡಿದ ಹೊಳಪಿಗೆ ಅದರ ಹಂಚಿಕೆಯೇ ಸಾಕ್ಷಿ, ಗ್ರಾಫ್ ಅಲ್ಲ.

ಅಂಗಾಂಶದಲ್ಲಿ ನೀರಿನ ಚಲನೆ ತೋರಿಸುವ ಡಿಫ್ಯೂಷನ್ ಚಿತ್ರ ಮೂರನೆಯ ಸಾಕ್ಷಿ. ಜೀವಕೋಶಗಳು ಒತ್ತೊತ್ತಾಗಿದ್ದರೆ ನೀರಿನ ಚಲನೆ ಕುಗ್ಗಿ, ಅದನ್ನು ಅಳೆಯುವ ಎಡಿಸಿ ಅಂಕಿ ಇಳಿಯುತ್ತದೆ. ಸಾಮಾನ್ಯವಾಗಿ ಈ ಚಿತ್ರವನ್ನು ಬಿ-ಮೌಲ್ಯ (ನೀರಿನ ಚಲನೆಗೆ ಚಿತ್ರ ಎಷ್ಟು ಸೂಕ್ಷ್ಮ ಎಂಬ ಅಳತೆ) 800ರವರೆಗೆ ತೆಗೆಯುತ್ತಾರೆ. ಕ್ಯಾನ್ಸರ್‌ಗಳಲ್ಲಿ ಎಡಿಸಿ ಅಂಕಿ ಹೆಚ್ಚಾಗಿ ಸೆಕೆಂಡಿಗೆ 0.0013 ಚದರ ಮಿ.ಮೀ.ಗಿಂತ ಕೆಳಗಿರುತ್ತದೆ, ಆದರೆ ಯಂತ್ರ ಬದಲಾದರೆ ಗಡಿಯೂ ಕದಲುತ್ತದೆ. ಕೀವು, ರಕ್ತ ಕೂಡ ಅಂಕಿ ಇಳಿಸುತ್ತವೆ. ಮ್ಯೂಸಿನಸ್ ಕ್ಯಾನ್ಸರ್ ಇಲ್ಲೂ ಏರಿದ ಅಂಕಿ ತೋರಿಸಿ ತಪ್ಪಿಸಿಕೊಳ್ಳುತ್ತದೆ.

ಆಕಾರ ಕೆಟ್ಟದಾಗಿದ್ದರೆ ಒಳ್ಳೆಯ ಗ್ರಾಫ್ ನೋಡಿ ಬಯಾಪ್ಸಿ ಬಿಡಬಾರದು. ಮತ್ತೊಮ್ಮೆ ಅಲ್ಟ್ರಾಸೌಂಡ್‌ನಲ್ಲಿ ಹುಡುಕಿ, ಸಿಗದಿದ್ದರೆ ಎಂಆರ್‌ಐ ನೋಡಿಕೊಂಡೇ ಸೂಜಿ ಹಾಕಬೇಕಾಗುತ್ತದೆ. ಫಲಿತಾಂಶ ‘ಕ್ಯಾನ್ಸರ್ ಇಲ್ಲ’ ಎಂದು ಬಂದು ಚಿತ್ರ ಬೇರೆಯೇ ಹೇಳುತ್ತಿದ್ದರೆ, ಸೂಜಿಗೆ ಪಕ್ಕದ ಅಂಗಾಂಶ ಸಿಕ್ಕಿರಬಹುದು. ಆಗ ಮಾದರಿಯನ್ನು ಮತ್ತೆ ತೆಗೆಯಬೇಕು.