ಓದುಗರ ಪ್ರಶ್ನೆ: ಲ್ಯಾಬ್ ರಿಪೋರ್ಟು ಬೇರೆ ಆಸ್ಪತ್ರೆಯ ಕಂಪ್ಯೂಟರಿಗೂ ಅರ್ಥವಾಗಬೇಕಾದರೆ ಯಾವ ಮಾನದಂಡ ಆರಿಸಬೇಕು?

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ನಾವು ಮೂವರು ಸೇರಿ ರಕ್ತಪರೀಕ್ಷೆಯ ಲ್ಯಾಬ್ ನಡೆಸುತ್ತಿದ್ದೇವೆ. ಆಲ್ದೂರು, ಮೂಡಿಗೆರೆ, ಕಳಸದ ಕಡೆಯಿಂದಲೂ ಜನ ಬರುತ್ತಾರೆ. ಈಗ ರಿಪೋರ್ಟನ್ನು ಪಿಡಿಎಫ್ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುತ್ತೇವೆ. ಹೊಸ ಸಾಫ್ಟ್‌ವೇರ್ ಕೊಳ್ಳಲು ಹೊರಟರೆ ಒಬ್ಬರು ಎಚ್‌ಎಲ್7 ಎನ್ನುತ್ತಾರೆ, ಇನ್ನೊಬ್ಬರು ಫೈರ್, ಮತ್ತೊಬ್ಬರು ಲಾಯಿಂಕ್, ಸ್ನೋಮೆಡ್ ಎನ್ನುತ್ತಾರೆ. ಇವುಗಳಲ್ಲಿ ಯಾವುದನ್ನು ಆರಿಸಬೇಕು?

ಉತ್ತರ: ದಾಖಲೆ ಕಳುಹಿಸುವ ನಮೂನೆಯಾದ ಫೈರ್ ಮತ್ತು ಪರೀಕ್ಷೆಗಳ ಸಂಕೇತಪಟ್ಟಿಯಾದ ಲಾಯಿಂಕ್ ಎರಡೂ ಬೇಕು. ಅವು ಒಂದಕ್ಕೊಂದು ಪೈಪೋಟಿಯಲ್ಲ, ಬೇರೆ ಬೇರೆ ಕೆಲಸದವು. ಅದು ಹೇಗೆಂದು ಹೇಳುವ ಮೊದಲು ಒಂದು ಘಟನೆ ಹೇಳುತ್ತೇನೆ. ಈ ವಿಷಯದ ಬಗ್ಗೆ ನನಗೆ ಇಷ್ಟು ಕಾಳಜಿ ಹುಟ್ಟಿದ್ದೇ ಅದರಿಂದ.

ಡೆಂಗಿ ಜೋರಾಗಿದ್ದ ಒಂದು ಮಳೆಗಾಲ. ಸಕಲೇಶಪುರದ ಕಡೆ ತೋಟದಲ್ಲಿರುವ ನನ್ನ ಸೋದರಮಾವನಿಗೆ ಜ್ವರ ಬಿಟ್ಟಿರಲಿಲ್ಲ. ಹತ್ತಿರದ ಲ್ಯಾಬಿನಲ್ಲಿ ರಕ್ತ ಕೊಟ್ಟರು. ಪ್ಲೇಟ್‌ಲೆಟ್ ಎಂಬ ಸಾಲಿನಲ್ಲಿ 1.1 ಎಂದಿತ್ತು. ಎರಡು ದಿನ ಕಳೆದು ಹಾಸನಕ್ಕೆ ಕರೆತಂದಾಗ ಇನ್ನೊಂದು ಲ್ಯಾಬಿನ ರಿಪೋರ್ಟಿನಲ್ಲಿ 68 ಎಂದಿತ್ತು. ಮಾವನ ಮಗ ಎರಡೂ ಕಾಗದ ಹಿಡಿದು ಓಡಿಬಂದ. “ಭಾವ, ಒಂದು ಚಿಲ್ಲರೆ ಇದ್ದದ್ದು ಅರವತ್ತೆಂಟಕ್ಕೆ ಏರಿದೆ. ಅಪ್ಪನನ್ನು ಇನ್ನು ಊರಿಗೆ ಕರೆದುಕೊಂಡು ಹೋಗಬಹುದಲ್ಲವೇ?” ಎಂದ. ಅವನ ಮುಖದಲ್ಲಿ ನೆಮ್ಮದಿ ಕಾಣುತ್ತಿತ್ತು. ಮೊದಲ ಕಾಗದದಲ್ಲಿ ಅಂಕಿಯ ಪಕ್ಕ ಸಣ್ಣ ಅಕ್ಷರದಲ್ಲಿ ಲಕ್ಷ ಎಂದಿತ್ತು, ಎರಡನೆಯದರಲ್ಲಿ ಸಾವಿರ. ಅಂದರೆ 1,10,000 ಇದ್ದ ಪ್ಲೇಟ್‌ಲೆಟ್ 68,000ಕ್ಕೆ ಕುಸಿದಿತ್ತು. ವೈದ್ಯರು ಒಂದೇ ನೋಟಕ್ಕೆ ಅದನ್ನು ಹಿಡಿದರು. ಮಾವ ವಾರ್ಡಿನಲ್ಲೇ ಉಳಿದು ಗುಣವಾದರು.

ಆ ಎರಡು ಲ್ಯಾಬುಗಳಲ್ಲಿ ಯಾವುದೂ ತಪ್ಪು ಬರೆದಿರಲಿಲ್ಲ. ಒಂದು ಘನ ಮಿಲಿಮೀಟರಿಗೆ ಇಷ್ಟು ಲಕ್ಷ ಎಂದರೂ ಮೈಕ್ರೋಲೀಟರಿಗೆ ಇಷ್ಟು ಸಾವಿರ ಎಂದರೂ ಲೆಕ್ಕ ಸರಿಯೇ, ಏಕೆಂದರೆ ಘನ ಮಿಲಿಮೀಟರೂ ಮೈಕ್ರೋಲೀಟರೂ ಒಂದೇ ಅಳತೆ. ಅನುಭವವಿರುವ ವೈದ್ಯರ ಕಣ್ಣು ಇದನ್ನು ಸರಿಪಡಿಸಿಕೊಳ್ಳುತ್ತದೆ. ಕಂಪ್ಯೂಟರಿಗೆ ಅಂಥ ಅನುಭವವಿಲ್ಲ. ಬರಿಯ ಅಂಕಿಗಳನ್ನು ಕೊಟ್ಟರೆ 1.1ರಿಂದ 68ಕ್ಕೆ ಗೆರೆ ಎಳೆದು, ನನ್ನ ಮಾವನ ಮಗನಂತೆಯೇ, ಏರಿದೆ ಎಂದು ತೋರಿಸುತ್ತದೆ.

ನಮ್ಮ ಎರಡು ಜಿಲ್ಲೆಗಳಲ್ಲಿ ಕಾಫಿ ಮಾರಿದವರಿಗೆ ಇದು ಬೇಗ ಅರ್ಥವಾಗುತ್ತದೆ. “ಮೂಟೆಗೆ ಎಷ್ಟು?” ಎಂದು ಕೇಳಿದರೆ ವ್ಯಾಪಾರಿ ಮೊದಲು ಅರೇಬಿಕಾವೋ ರೊಬಸ್ಟಾವೋ, ಪಾರ್ಚ್‌ಮೆಂಟೋ ಚೆರಿಯೋ ಎಂದು ಕೇಳುತ್ತಾನೆ. ಮೂಟೆ ಎಂದರೆ 50 ಕಿಲೋ ಎಂಬುದು ಎಲ್ಲರೂ ಒಪ್ಪಿದ ಮಾತು. ಕೊನೆಗೆ ಇಷ್ಟನ್ನೂ ಚೀಟಿಯಲ್ಲಿ ಬರೆದುಕೊಡುತ್ತಾನೆ. ಯಾವ ಕಾಫಿ ಎಂದು ಹೇಳುವ ಕೆಲಸ ಲಾಯಿಂಕ್‌ನದು. 50 ಕಿಲೋ ಎಂಬ ಒಪ್ಪಂದದ ಕೆಲಸ ಯುಕಮ್ ಎಂಬ ಅಳತೆಗಳ ಸಂಕೇತಪಟ್ಟಿಯದು. ಚೀಟಿಯ ಯಾವ ಸಾಲಿನಲ್ಲಿ ಏನಿರಬೇಕು ಎಂಬುದು ಫೈರ್‌ನ ಕೆಲಸ.

ಚೀಟಿಯ ವಿಷಯದಲ್ಲಿ ನೀವು ತಲೆಕೆಡಿಸಿಕೊಳ್ಳಬೇಕಾಗಿಲ್ಲ, ಅದನ್ನು ದೇಶ ಆಗಲೇ ತೀರ್ಮಾನಿಸಿದೆ. 2021ರ ಸೆಪ್ಟೆಂಬರ್ 27ರಂದು ದೇಶದಾದ್ಯಂತ ಆರಂಭವಾದ, ಆರೋಗ್ಯ ದಾಖಲೆಗಳನ್ನು ಡಿಜಿಟಲ್ ಆಗಿ ಹಂಚಿಕೊಳ್ಳುವ ಸರ್ಕಾರಿ ಯೋಜನೆಯಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನಲ್ಲಿ ದಾಖಲೆಗಳು ಫೈರ್‌ನ ನಾಲ್ಕನೆಯ ಆವೃತ್ತಿಯಲ್ಲಿ ಓಡಾಡುತ್ತವೆ. ಲ್ಯಾಬ್ ರಿಪೋರ್ಟು, ಔಷಧಿ ಚೀಟಿ, ಡಿಸ್ಚಾರ್ಜ್ ಸಾರಾಂಶ ಮುಂತಾದವು ಭಾರತದಲ್ಲಿ ಹೇಗಿರಬೇಕೆಂಬ ನಮೂನೆಗಳನ್ನು ಪುಣೆಯ ಸಿ-ಡ್ಯಾಕ್‌ನಲ್ಲಿರುವ ಆರೋಗ್ಯ ದಾಖಲೆ ಮಾನದಂಡಗಳ ರಾಷ್ಟ್ರೀಯ ಸಂಪನ್ಮೂಲ ಕೇಂದ್ರ ಪ್ರಕಟಿಸಿದೆ. 2023ರಲ್ಲಿ ಐದನೆಯ ಆವೃತ್ತಿ ಬಂದಿದೆ, ಅದನ್ನೇ ಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಮರುಳಾಗಬೇಡಿ. ನಿಮ್ಮ ಜೊತೆ ಮಾತನಾಡಬೇಕಾದವರೆಲ್ಲ ನಾಲ್ಕನೆಯದರಲ್ಲಿ ಮಾತನಾಡುತ್ತಿರುವಾಗ ನೀವೊಬ್ಬರೇ ಮುಂದೆ ಹೋಗಿ ಪ್ರಯೋಜನವಿಲ್ಲ.

ಎಚ್‌ಎಲ್7 ಎಂಬುದು 1987ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಸಂಸ್ಥೆ. ಫೈರ್ ಕೂಡ ಅದರದೇ ಕೂಸು. ಆದರೆ ಸಾಫ್ಟ್‌ವೇರಿನವರು ಬರಿಯ ಎಚ್‌ಎಲ್7 ಎಂದರೆ ಹೆಚ್ಚಾಗಿ ಅದರ ಹಳೆಯ ಎರಡನೆಯ ಆವೃತ್ತಿ ಎಂದು ತಿಳಿಯಿರಿ. ನೆಟ್ಟಗೆ ನಿಂತ ಗೆರೆಗಳಿಂದ (|) ಭಾಗ ಮಾಡಿದ ಸಾಲುಗಳು ಅದರ ಗುರುತು. ನಿಮ್ಮ ರಕ್ತಕಣ ಎಣಿಸುವ ಯಂತ್ರ ಕಂಪ್ಯೂಟರಿಗೆ ಫಲಿತಾಂಶ ಕಳುಹಿಸುವುದು ಪ್ರಾಯಶಃ ಅದರಲ್ಲೇ. ಲ್ಯಾಬಿನೊಳಗೆ ಅದು ಹಾಗೆಯೇ ಇರಲಿ, ಹೊಸಿಲು ದಾಟುವಾಗ ಫೈರ್ ಆದರೆ ಸಾಕು.

ನೀವು ಸಮಯ ಕೊಡಬೇಕಾದದ್ದು ಲಾಯಿಂಕ್‌ಗೆ. 1994ರಲ್ಲಿ ಇಂಡಿಯಾನಾಪೊಲಿಸ್‌ನ ರೀಗನ್‌ಸ್ಟ್ರೀಫ್ ಸಂಸ್ಥೆ ಆರಂಭಿಸಿದ ಪಟ್ಟಿ ಇದು, ಉಚಿತವಾಗಿ ಸಿಗುತ್ತದೆ. ಪ್ರತಿ ಪರೀಕ್ಷೆಗೂ ಒಂದು ಸಂಖ್ಯೆ. ರಕ್ತದಲ್ಲಿ ಯಂತ್ರ ಎಣಿಸಿದ ಪ್ಲೇಟ್‌ಲೆಟ್ 777-3. ಖಾಲಿ ಹೊಟ್ಟೆಯಲ್ಲಿ ತೆಗೆದ ರಕ್ತದ ಸೀರಮ್ ಅಥವಾ ಪ್ಲಾಸ್ಮಾದಲ್ಲಿರುವ ಸಕ್ಕರೆ 1558-6. ಬೆರಳು ಚುಚ್ಚಿ ಗ್ಲೂಕೋಮೀಟರಿನಲ್ಲಿ ನೋಡಿದ ಸಕ್ಕರೆ 41653-7. ರೋಗಿಯ ಬಾಯಲ್ಲಿ ಕೊನೆಯ ಎರಡೂ ‘ಶುಗರ್’. ಏನನ್ನು ಅಳೆದಿರಿ, ಯಾವುದರಲ್ಲಿ ಅಳೆದಿರಿ, ಯಾವ ವಿಧಾನದಲ್ಲಿ ಅಳೆದಿರಿ ಎಂಬುದನ್ನು ಆ ಸಂಖ್ಯೆ ಬಿಡಿಸಿ ಹೇಳುತ್ತದೆ.

ಈ ಸಂಖ್ಯೆಗಳನ್ನು ಜೋಡಿಸುವ ಕೆಲಸವನ್ನು ಸಾಫ್ಟ್‌ವೇರ್ ಮಾರುವವರಿಗೆ ಪೂರ್ತಿ ಬಿಟ್ಟುಬಿಡುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ನಿಮ್ಮಲ್ಲಿ ‘ಎಫ್‌ಬಿಎಸ್’ (ಖಾಲಿ ಹೊಟ್ಟೆಯ ಸಕ್ಕರೆ) ಎಂದು ಬರೆಯುವುದು ಯಾವ ಮಾದರಿಯಿಂದ ಮಾಡಿದ ಪರೀಕ್ಷೆ ಎಂಬುದು ನಿಮ್ಮ ಟೆಕ್ನೀಷಿಯನ್‌ಗೆ ಗೊತ್ತು, ದೂರದಲ್ಲಿ ಕುಳಿತ ಪ್ರೋಗ್ರಾಮರಿಗೆ ಗೊತ್ತಿಲ್ಲ. ಅವರು ಹೆಸರು ನೋಡಿ ಊಹಿಸುತ್ತಾರೆ. ನಿಮ್ಮ ದರಪಟ್ಟಿಯನ್ನೇ ಮುಂದಿಟ್ಟುಕೊಂಡು ಟೆಕ್ನೀಷಿಯನ್ ಜೊತೆ ಕುಳಿತುಕೊಳ್ಳಿ. ಪ್ರತಿ ಪರೀಕ್ಷೆಯ ಎದುರು ಮಾದರಿ, ವಿಧಾನ, ಅಳತೆ, ಲಾಯಿಂಕ್ ಸಂಖ್ಯೆ ಬರೆಯಿರಿ. ಒಂದೇ ಪರೀಕ್ಷೆ ಮೂರು ಹೆಸರಿನಲ್ಲಿ ಹೊಕ್ಕಿರುವುದು ಆಗ ಕಣ್ಣಿಗೆ ಬೀಳುತ್ತದೆ. ಈ ಪಟ್ಟಿ ಲ್ಯಾಬಿನ ಸ್ವತ್ತು, ಕೇಳಿದಾಗ ಎಕ್ಸೆಲ್‌ನಲ್ಲಿ ಕೊಡಬೇಕು ಎಂದು ಒಪ್ಪಂದದಲ್ಲಿ ಬರೆಸಿಕೊಳ್ಳಿ.

ಸ್ನೋಮೆಡ್ ರೋಗ, ಲಕ್ಷಣ, ಕಲ್ಚರಿನಲ್ಲಿ ಬೆಳೆದ ಸೂಕ್ಷ್ಮಾಣುವಿನ ಹೆಸರು ಇಂಥವುಗಳಿಗೆ ಇರುವ ಸಂಕೇತಪಟ್ಟಿ. ಭಾರತ 2014ರಲ್ಲಿ ಅದರ ಸದಸ್ಯ ದೇಶವಾದ್ದರಿಂದ ಇಲ್ಲಿ ಶುಲ್ಕವಿಲ್ಲ. ನಿಮಗೆ ತಕ್ಷಣಕ್ಕೆ ಅದರ ಅಗತ್ಯ ಕಡಿಮೆ.

ಇನ್ನು ಕೊಳ್ಳುವಾಗಿನ ಎಚ್ಚರಿಕೆ. “ನಮ್ಮದು ಫೈರ್‌ಗೆ ಹೊಂದುತ್ತದೆ” ಎಂಬ ಮಾತು ನಿಜವಾಗಿದ್ದೂ ನಿಮಗೆ ಉಪಯೋಗವಾಗದಿರಬಹುದು. ಫೈರ್‌ನ ಲ್ಯಾಬ್ ರಿಪೋರ್ಟಿನೊಳಗೆ ಪಿಡಿಎಫ್ ಒಂದನ್ನು ಇಟ್ಟು ಕಳುಹಿಸಲು ಅವಕಾಶವಿದೆ. ಹಳೆಯ ಕಾಗದಗಳಿಗೆ ಅದು ಬೇಕಾದದ್ದೇ. ಆದರೆ ಅಷ್ಟನ್ನೇ ಮಾಡಿದರೆ ಈಗಿನ ವಾಟ್ಸ್‌ಆ್ಯಪ್ ಪಿಡಿಎಫ್ ಹೊಸ ಲಕೋಟೆಯಲ್ಲಿ ಹೋದಂತಾಯಿತು. ಆಚೆಯ ಕಂಪ್ಯೂಟರಿಗೆ ಅದು ಚಿತ್ರ ಮಾತ್ರ. ಹೀಗೆ ಮಾಡಿ: ನಿಮ್ಮಲ್ಲೇ ಒಬ್ಬರ ರಕ್ತ ಪರೀಕ್ಷಿಸಿ, ಆ ರಿಪೋರ್ಟಿನ ಫೈರ್ ಕಡತವನ್ನು ನಿಮ್ಮೆದುರೇ ತೆರೆಯಲು ಹೇಳಿ. ಪ್ಲೇಟ್‌ಲೆಟ್‌ಗೆ ಪ್ರತ್ಯೇಕ ನಮೂದು ಇರಬೇಕು. ಅದರಲ್ಲಿ ಅಂಕಿ ಒಂದು ಕಡೆ, ಅಳತೆ ಇನ್ನೊಂದು ಕಡೆ, 777-3 ಎಂಬ ಸಂಖ್ಯೆ, ರಕ್ತ ತೆಗೆದ ದಿನ ಮತ್ತು ಹೊತ್ತು ಬೇರೆ ಬೇರೆಯಾಗಿ ಕಾಣಬೇಕು. ಅಂಕಿಯನ್ನೂ ಅಳತೆಯನ್ನೂ ಒಂದೇ ಪದವಾಗಿ ಅಂಟಿಸಿದ್ದರೆ ಒಪ್ಪಬೇಡಿ.

ರೋಗಿಯ ಗುರುತಿಗೆ ಅದೇ ಡಿಜಿಟಲ್ ಮಿಷನ್ ಕೊಡುವ 14 ಅಂಕಿಯ ಆಭಾ ಸಂಖ್ಯೆ ಇದೆ. ಮಂಜೇಗೌಡ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಎಷ್ಟು ಬಗೆಯಾಗಿ ಬರೆಯುತ್ತಾರೆಂದು ನಿಮ್ಮ ಕೌಂಟರಿನಲ್ಲಿ ಕುಳಿತವರಿಗೆ ಗೊತ್ತೇ ಇದೆ, ಹಾಗಾಗಿ ಅದು ಉಪಕಾರಿ. ಆದರೆ ಆಭಾ ಅವರವರ ಇಚ್ಛೆ. ಇಲ್ಲ ಎಂದವರಿಗೂ ಪರೀಕ್ಷೆ ಮಾಡಿಕೊಡಬೇಕು. ಈ ವ್ಯವಸ್ಥೆಯಲ್ಲಿ ದಾಖಲೆ ನಿಮ್ಮಲ್ಲೇ ಇರುತ್ತದೆ, ರೋಗಿ ಒಪ್ಪಿಗೆ ಕೊಟ್ಟ ಮೇಲಷ್ಟೇ ಕೇಳಿದ ಆಸ್ಪತ್ರೆಗೆ ಹೋಗುತ್ತದೆ. ಇದನ್ನು ಕೌಂಟರಿನಲ್ಲಿ ಕನ್ನಡದಲ್ಲಿ ಬರೆದು ಹಾಕಿ.

ಇಡೀ ದರಪಟ್ಟಿ ಒಮ್ಮೆಲೇ ಮುಗಿಯದಿದ್ದರೆ ಹಿಮೋಗ್ರಾಮಿನಿಂದ, ಅಂದರೆ ರಕ್ತಕಣಗಳ ಎಣಿಕೆಯ ಪರೀಕ್ಷೆಯಿಂದ ಶುರುಮಾಡಿ. ಅದರಲ್ಲೂ ಪ್ಲೇಟ್‌ಲೆಟ್ ಸಾಲಿನಲ್ಲಿ ಲಕ್ಷವೋ ಸಾವಿರವೋ ಎಂಬುದನ್ನು ಈ ಮಳೆಗಾಲಕ್ಕೆ ಮುಂಚೆಯೇ, ನೀವು ರೋಗಿಗಳನ್ನು ಕಳುಹಿಸುವ ಹಾಸನದ ಆಸ್ಪತ್ರೆಗಳ ಲ್ಯಾಬಿನವರಿಗೆ ಒಂದು ಫೋನ್ ಮಾಡಿ, ಒಂದೇ ಆಗುವಂತೆ ಮಾತನಾಡಿಕೊಳ್ಳಿ.