ಟ್ರಿಗರ್ ಕೊಟ್ರೆ ಬರೀ ಟಿಕ್ ಅನ್ನತ್ತೆ, ಸ್ವರ ಯಾಕೆ ಬದಲಾಗಲ್ಲ?

ಮಂಡ್ಯದಿಂದ ಬಂದ ಪ್ರಶ್ನೆ: ಸಾರ್, ಬಿಡಿ ಬಿಡಿ ಮಾಡ್ಯೂಲನ್ನ ಕೇಬಲ್ಲಲ್ಲಿ ಜೋಡಿಸಿ ನುಡಿಸೋ ನನ್ನ ಸಿಂಥಲ್ಲಿ, ಅಂದ್ರೆ ಯೂರೋರ‍್ಯಾಕಲ್ಲಿ ಕ್ಲಾಕಿನ (ಬೀಟ್ ಕೊಡೋ ಮಾಡ್ಯೂಲು) ಟ್ರಿಗರ್ ಔಟನ್ನ ಸೀದಾ ಆಸಿಲೇಟರಿನ (ನಾದ ಹುಟ್ಟಿಸೋ ಮಾಡ್ಯೂಲು) ಪಿಚ್ ಇನ್‌ಪುಟ್ಟಿಗೆ ಹಾಕಿದೀನಿ. ಪ್ರತಿ ಬೀಟಿಗೂ ಹೊಸ ಸ್ವರ ಬರತ್ತೆ ಅಂದ್ಕೊಂಡೆ, ಬರೀ ಟಿಕ್ ಟಿಕ್ ಅಂತಿದೆ. ಟ್ರಿಗರ್ ಬಂದಾಗೆಲ್ಲ ಬೇರೆ ಬೇರೆ ವೋಲ್ಟೇಜ್ ಬರೋ ಹಾಗೆ ಮಾಡೋದು ಹೇಗೆ?

ಮಾಡ್ಯುಲರ್ ಶುರು ಮಾಡಿದೋರು ತುಂಬಾ ಜನ ಇದನ್ನೇ ಕೇಳ್ತಾರೆ. ಟ್ರಿಗರಿಗೂ ಪಿಚ್ಚಿಗೂ ಅದೇ 3.5 ಎಂಎಂ ಮಾನೋ ಕೇಬಲ್ಲು, ಎರಡರಲ್ಲೂ ಹೋಗೋದು ವೋಲ್ಟೇಜೇ, ನೋಡೋಕೆ ಏನೂ ವ್ಯತ್ಯಾಸ ಇಲ್ಲ. ಆದ್ರೆ ಟ್ರಿಗರ್ ಅಂದ್ರೆ ಸಾಮಾನ್ಯವಾಗಿ 5 ವೋಲ್ಟ್ ಆಸುಪಾಸಿಗೆ ಎದ್ದು ಕೆಲವೇ ಮಿಲಿಸೆಕೆಂಡಲ್ಲಿ ಸೊನ್ನೆಗೆ ಬಿದ್ದೋಗೋ ಪಲ್ಸು. ಪಿಚ್ ಇನ್‌ಪುಟ್ಟು 1 ವೋಲ್ಟಿಗೆ 1 ಸ್ಥಾಯಿ ಲೆಕ್ಕದಲ್ಲಿ ಕೆಲಸ ಮಾಡತ್ತೆ, ಹಂಗಾಗಿ ನಿಮ್ಮ ಆಸಿಲೇಟರ್ ಪ್ರತಿ ಬೀಟಿಗೂ ಐದು ಸ್ಥಾಯಿ ಮೇಲಕ್ಕೆ ಹಾರಿ ತಕ್ಷಣ ವಾಪಸ್ ಬರ‍್ತಿದೆ, ಅದೇ ನಿಮಗೆ ಕೇಳ್ತಿರೋ ಟಿಕ್ಕು.

ಮೈಸೂರು ಕಡೆಯೋರಿಗೆ ಇದನ್ನ ವೀಣೆ ಇಟ್ಕೊಂಡು ಹೇಳೋದೇ ಸುಲಭ. ಎಡಗೈ ಬೆರಳು ಯಾವ ಮೆಟ್ಟಿನ ಮೇಲಿದೆ ಅನ್ನೋದು ಸಿವಿ (ಕಂಟ್ರೋಲ್ ವೋಲ್ಟೇಜ್, ಇಲ್ಲಿ ಸ್ವರ ಯಾವುದು ಅಂತ ಹೇಳೋ ವೋಲ್ಟೇಜು), ಬಲಗೈ ಮೀಟು ಟ್ರಿಗರ್ರು. ಬರೀ ಮೀಟ್ತಾ ಇದ್ರೆ ಸ್ವರ ಬದಲಾಗಲ್ಲ. ನಿಮಗೆ ಬೇಕಿರೋದು ಟ್ರಿಗರ್ ಬಂದಾಗ ಬೆರಳನ್ನ ಮುಂದಿನ ಮೆಟ್ಟಿಗೆ ಇಟ್ಟು, ಇನ್ನೊಂದು ಟ್ರಿಗರ್ ಬರೋ ತನಕ ಅಲ್ಲೇ ಒತ್ತಿ ಹಿಡ್ಕೊಳೋ ಮಾಡ್ಯೂಲು.

ಆ ಕೆಲಸಕ್ಕೆ ಸ್ಟೆಪ್ ಸೀಕ್ವೆನ್ಸರ್ ಸಾಕು, ಅದರಲ್ಲಿ ಸಾಲಾಗಿರೋ ಒಂದೊಂದು ನಾಬಲ್ಲೂ ಒಂದೊಂದು ವೋಲ್ಟೇಜ್ ಇಟ್ಕೋಬಹುದು. ಕ್ಲಾಕಿನ ಟ್ರಿಗರನ್ನ ಅದರ ಕ್ಲಾಕ್ ಇನ್‌ಗೆ ಹಾಕಿ, ಅದರ ಸಿವಿ ಔಟನ್ನ ಆಸಿಲೇಟರಿಗೆ ಹಾಕಿ, ಅಷ್ಟೇ, ಪ್ರತಿ ಟ್ರಿಗರಿಗೂ ಒಂದು ನಾಬ್ ಮುಂದಕ್ಕೆ ಹೋಗತ್ತೆ.

ಈಗ ಮೋಹನ ರಾಗ ಟ್ಯೂನ್ ಮಾಡೋಣ. ಒಂದು ಸ್ವರಸ್ಥಾನಕ್ಕೆ 1/12 ವೋಲ್ಟ್, ಅಂದ್ರೆ ಸುಮಾರು 83 ಮಿಲಿವೋಲ್ಟ್. ಷಡ್ಜ 0 ಅಂತ ಇಟ್ಕೊಂಡ್ರೆ ರಿಷಭ 0.167, ಗಾಂಧಾರ 0.333, ಪಂಚಮ 0.583, ಧೈವತ 0.75. ಸೀಕ್ವೆನ್ಸರ್ ನಿಲ್ಲಿಸಿ, ಕೇಬಲ್ಲಿನ ತುದಿಗೆ ಮಲ್ಟಿಮೀಟರಿನ ಕೆಂಪು, ಅದರ ಹಿಂದಿನ ಮೈಗೆ ಕಪ್ಪು ಪ್ರೋಬ್ ಹಿಡ್ಕೊಂಡು ಒಂದೊಂದೇ ನಾಬ್ ತಿರುಗಿಸಿ. ಆದ್ರೆ ಗಾಂಧಾರ ಮಾತ್ರ ದಯವಿಟ್ಟು ಮೀಟರ್ ನಂಬಿ ಬಿಟ್ಬಿಡಬೇಡಿ, ತಂಬೂರಿ ಹಾಕ್ಕೊಂಡು ಕೇಳಿ, 0.333 ಸ್ವಲ್ಪ ಚೂಪಾಗೇ ಕೇಳತ್ತೆ, ನಿಧಾನಕ್ಕೆ 0.322 ಹತ್ರ ಇಳಿಸಿದ್ರೆ ಶ್ರುತಿಗೆ ಕೂತ್ಕೊಳತ್ತೆ. ಮುಂದೆ 12 ಸ್ವರದ ಕ್ವಾಂಟೈಜರ್ (ವೋಲ್ಟೇಜನ್ನ ಹತ್ತಿರದ ಸ್ವರಕ್ಕೆ ಕೂರಿಸೋ ಮಾಡ್ಯೂಲು) ಹಾಕಿಬಿಟ್ರೆ ಅದು ವಾಪಸ್ 0.333ಕ್ಕೇ ಎಳ್ಕೊಂಡು ಹೋಗತ್ತೆ, ಅದಕ್ಕೇ ನಮ್ಮ ಸಂಗೀತಕ್ಕೆ ನಾಬ್ ಇರೋ ಸೀಕ್ವೆನ್ಸರೇ ವಾಸಿ ಅಂತ ನಾನು ಹೇಳೋದು.

ಇಷ್ಟಾದ್ಮೇಲೆ ಒಂದು ತೊಂದರೆ ಬರಬಹುದು. ಅದೇ ಟ್ರಿಗರನ್ನ ಮಲ್ಟಿಪಲ್ಲಿಂದ (ಒಂದು ಸಿಗ್ನಲನ್ನ ಹಲವು ಕಡೆಗೆ ಹಂಚೋ ಮಾಡ್ಯೂಲು) ಒಡೆದು ಎನ್ವಲಪ್ಪಿಗೂ (ಸ್ವರದ ಸದ್ದು ಏರಿ ಇಳಿಯೋದನ್ನ ನಡೆಸೋ ಮಾಡ್ಯೂಲು) ಕೊಟ್ಟಿರ‍್ತೀರ, ಸ್ವರದ ಶುರುವಲ್ಲಿ ಹಿಂದಿನ ಸ್ವರ ಚೂರು ಇಣುಕಿ ಹೋಗತ್ತೆ. ಡಿಜಿಟಲ್ ಸೀಕ್ವೆನ್ಸರಾದ್ರೆ ಟ್ರಿಗರ್ ಓದಿ, ಲೆಕ್ಕ ಹಾಕಿ, ಹೊಸ ವೋಲ್ಟೇಜ್ ಕೊಡೋಕೆ ಒಂದೆರಡು ಮಿಲಿಸೆಕೆಂಡ್ ತಗೊಳಬಹುದು, ಅಷ್ಟರಲ್ಲಿ ಎನ್ವಲಪ್ ತೆರ‍್ಕೊಂಡಾಗಿರತ್ತೆ, ಬೆರಳು ಮೆಟ್ಟಿಗೆ ಬರೋ ಮೊದಲೇ ಮೀಟಿದ ಹಾಗೆ. ಎನ್ವಲಪ್ಪಿಗೆ ಹೋಗೋ ಟ್ರಿಗರನ್ನ ಮಾತ್ರ ಸ್ವಲ್ಪ ತಡ ಮಾಡಿ. ಟ್ರಿಗರ್ ಡಿಲೇ ಮಾಡ್ಯೂಲ್ ಇಲ್ದಿದ್ರೂ ಪರವಾಗಿಲ್ಲ, ಮೇಕ್ ನಾಯ್ಸ್ ಕಂಪನಿಯ ಮ್ಯಾತ್ಸ್ ಮಾಡ್ಯೂಲ್ ಇದ್ರೆ ಅದರ 4ನೇ ಚಾನೆಲ್ಲಿಗೆ ಟ್ರಿಗರ್ ಕೊಟ್ಟು, ರೈಸು ಫಾಲು (ಏರೋ, ಇಳಿಯೋ ಸಮಯ) ಎರಡೂ ತೀರಾ ಕಮ್ಮಿ ಇಟ್ಟು, ಅದು ಏರಿ ಇಳಿದು ಮುಗಿದಾಗ ಸಿಗ್ನಲ್ ಕೊಡೋ ಇಒಸಿ (ಎಂಡ್ ಆಫ್ ಸೈಕಲ್) ಔಟಿಂದ ಎನ್ವಲಪ್ಪಿಗೆ ಹಾಕಿ.

ಸಾಂಪಲ್ ಆಂಡ್ ಹೋಲ್ಡ್ ಅನ್ನೋ ಮಾಡ್ಯೂಲಲ್ಲೂ ಟ್ರಿಗರ್ ಬಂದಾಗಲೇ ವೋಲ್ಟೇಜ್ ಬದಲಾಗೋದು, ಆದ್ರೆ ಅಲ್ಲಿ ವೋಲ್ಟೇಜು ಮೊದಲೇ ಇಟ್ಟಿದ್ದಲ್ಲ, ಆ ಕ್ಷಣಕ್ಕೆ ಇನ್‌ಪುಟ್ಟಲ್ಲಿ ಎಷ್ಟಿದ್ಯೋ ಅಷ್ಟು. ನಾಯ್ಸ್ ಕೊಟ್ರೆ ಪ್ರತಿ ಸಲ ಯಾವುದೋ ಒಂದು ಸ್ವರ. ಅನಲಾಗ್ ಸರ್ಕ್ಯೂಟಲ್ಲಿ ಅದನ್ನ ಹಿಡ್ಕೊಳೋದು ಒಂದು ಕೆಪಾಸಿಟರ್ರು, ಚಾರ್ಜ್ ಮೆಲ್ಲಗೆ ಸೋರತ್ತೆ, 8 ಮಿಲಿವೋಲ್ಟ್ ಸೋರಿದ್ರೂ ಹತ್ತಿರ ಹತ್ತಿರ 10 ಸೆಂಟ್ (ಒಂದು ಸ್ವರಸ್ಥಾನದ ಹತ್ತನೇ ಒಂದು ಭಾಗ) ಶ್ರುತಿ ತಪ್ಪತ್ತೆ. ನಾದದ ಬಣ್ಣ ಬದಲಿಸೋ ಫಿಲ್ಟರಿಗೆ ಹಾಕಿದ್ರೆ ಅದು ಲೆಕ್ಕಕ್ಕೇ ಬರಲ್ಲ, ನಿಧಾನವಾದ ಕ್ಲಾಕಲ್ಲಿ ಪಿಚ್ಚಿಗೆ ಹಾಕೋದಾದ್ರೆ ಮಾತ್ರ ಯೋಚನೆ ಮಾಡಿ.

ಜಾರು ಬೇಕಂದ್ರೆ ಸಿವಿ ಔಟಿಗೂ ಆಸಿಲೇಟರಿಗೂ ಮಧ್ಯ ಸ್ಲ್ಯೂ ಲಿಮಿಟರ್ (ವೋಲ್ಟೇಜನ್ನ ಒಮ್ಮೆಲೇ ಹಾರೋಕೆ ಬಿಡದೆ ಮೆಲ್ಲಗೆ ಜಾರಿಸೋ ಮಾಡ್ಯೂಲು) ಹಾಕಿ. ಟ್ರಿಗರ್ ದಾರಿಲಿ ಮಾತ್ರ ಹಾಕಬೇಡಿ, ಅದರ ಏರು ಮೊಂಡಾಗಿ ಮುಂದಿನ ಮಾಡ್ಯೂಲಿಗೆ ಗೊತ್ತೇ ಆಗದೆ ಹೋಗಬಹುದು.

ಇನ್ನೂ ಮಾಡ್ಯೂಲ್ ತಗೊಳದೇ ಇರೋರು ವಿಸಿವಿ ರ‍್ಯಾಕ್ ಅನ್ನೋ ಉಚಿತ ಸಾಫ್ಟ್‌ವೇರಲ್ಲಿ ಇದನ್ನೆಲ್ಲ ಮಾಡಿ ನೋಡಬಹುದು. ಮೋಹನದ ಐದು ಸ್ವರಕ್ಕೆ ಐದೇ ಸ್ಟೆಪ್ ಇಟ್ಟು, ಅದೇ ಕ್ಲಾಕನ್ನ ಎಂಟರಿಂದ ಭಾಗಿಸಿ ಆದಿತಾಳದ ಸಮಕ್ಕೆ ಒಂದು ಕಿಕ್ ಡ್ರಮ್ ಏಟು ಕೊಡಿ, ಪ್ರತಿ ಆವರ್ತದ ಸಮದಲ್ಲೂ ಬೇರೆ ಸ್ವರ ಬೀಳ್ತಾ ಹೋಗಿ 40 ಅಕ್ಷರ ಕಳೆದ್ಮೇಲೆ ಷಡ್ಜ ಮತ್ತೆ ಸಮಕ್ಕೆ ಬರತ್ತೆ.